ಬದುವಿನ ಕಲ್ಲು

ರಾಮದುರ್ಗ ತಾಲೂಕಿನ ಸಾಲಹಳ್ಳಿಯ ತರುಣಿಯೊಬ್ಬಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೊರಟಿದ್ದಳು. ರಾಜ್ಯಶಾಸ್ತ್ರದ ಸ್ನಾತಕೋತ್ತರ ತರಗತಿಯನ್ನು ಸೇರಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಅಭ್ಯಸಿಸಬೇಕೆಂಬುದು ಅವಳ ಹಂಬಲ. ತಾಯಿ ರೊಟ್ಟಿಯ ಬುತ್ತಿ ಕಟ್ಟುತ್ತಿದ್ದಳು. ಮುತ್ಯಾ ಮಾತ್ರ ಮೌನವಾಗಿ ಕುಳಿತಿದ್ದರು. ಕೊನೆಗೆ, "ನಮ್ಮ ಹೊಲದ ಬದುವಿನ ಜಗಳಾನ ಹತ್ತು ವರ್ಷ ಆದ್ರೂ ಬಗಿಹರೀವಲ್ದು. ದೇಶ ದೇಶದ ಜಗಳಾ ನಿನಗ್ಯಾಕ ಬೇಕವಾ?" ಎಂದರು. ಅವಳಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೂ ಬುತ್ತಿಯೊಡನೆ ಧಾರವಾಡಕ್ಕೆ ಬಂದಿತು.

ಈ ಶಾಸ್ತ್ರವು ಹುಟ್ಟಿದ್ದೇ ಜಗಳದ ಅಳಲಿನಿಂದ ಎಂದು ಅವಳು ಅಲ್ಲಿ ತಿಳಿದಳು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಲಕ್ಷಾಂತರ ಜನರು ಮಡಿದರು. ಯುದ್ಧವೇಕೆ ಹುಟ್ಟುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂದು ವಿಚಾರವಂತರು ಚಿಂತಿಸಿದರು. 1919ರಲ್ಲಿ ವೇಲ್ಸ್ ನಾಡಿನ ಅಬರಿಸ್ಟ್ವಿತ್ ಎಂಬ ಊರಿನಲ್ಲಿ ಈ ವಿಷಯದ ಮೊದಲ ಅಧ್ಯಯನ ಪೀಠವು ಸ್ಥಾಪಿತವಾಯಿತು.

ಹಳ್ಳಿಯಲ್ಲಿ ಇಬ್ಬರು ಜಗಳವಾಡಿದರೆ ತೀರ್ಮಾನಿಸಲು ಪಂಚರಿದ್ದಾರೆ. ಅವರಿಗೂ ಮಿಗಿಲಾಗಿ ನ್ಯಾಯಾಲಯವಿದೆ. ಎರಡು ರಾಷ್ಟ್ರಗಳು ಜಗಳವಾಡಿದರೆ ಅವುಗಳ ಮೇಲೆ ಆಳುವ ಅರಸನಿಲ್ಲ. ಹೇಗ್ ನಗರದಲ್ಲಿ 1946ರಿಂದ ಅಂತರರಾಷ್ಟ್ರೀಯ ನ್ಯಾಯಾಲಯವು ಕೆಲಸ ಮಾಡುತ್ತಿರುವುದು ನಿಜ. ಮಂಗಳೂರಿನಲ್ಲಿ ಜನಿಸಿದ ಬೆನಗಲ್ ನರಸಿಂಗರಾಯರು 1952ರಲ್ಲಿ ಅದರ ನ್ಯಾಯಾಧೀಶರಾದರು. ಆದರೆ ಉಭಯ ರಾಷ್ಟ್ರಗಳ ಸಮ್ಮತಿಯಿಲ್ಲದೆ ಆ ನ್ಯಾಯಾಲಯವು ಅವುಗಳ ವ್ಯಾಜ್ಯವನ್ನು ತೀರ್ಮಾನಿಸಲಾರದು.

ಈ ಪಾಠವನ್ನು ಕೇಳುತ್ತಿದ್ದಾಗ ಅವಳಿಗೆ ತನ್ನ ಸೀಮೆಯ ಕಿತ್ತೂರು ನೆನಪಾಯಿತು. 1824ರಲ್ಲಿ ದೊರೆ ಶಿವಲಿಂಗರುದ್ರ ಸರ್ಜನು ದತ್ತು ಸ್ವೀಕರಿಸಿ ತೀರಿಕೊಂಡಾಗ, ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಆ ದತ್ತಕವನ್ನು ಮನ್ನಿಸಲಿಲ್ಲ. ವ್ಯಾಜ್ಯದಲ್ಲಿ ಒಂದು ಪಕ್ಷವಾಗಿದ್ದ ಕಂಪನಿಯು ತಾನೇ ಪಂಚನೂ ಆಯಿತು. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ಕೊನೆಯುಸಿರೆಳೆದಳು. ಬಲಿಷ್ಠನೆದುರು ಚಿಕ್ಕ ಸಂಸ್ಥಾನದ ಅಹವಾಲನ್ನು ಕೇಳುವ ಮೂರನೆಯವರಿರಲಿಲ್ಲ. ದೇಶ ದೇಶದ ಜಗಳ ದೂರದ ಮಾತಲ್ಲ, ಅದು ತನ್ನ ಊರಿನ ಆಸುಪಾಸಿನಲ್ಲೇ ನಡೆದುಹೋಗಿದೆ ಎಂದು ಅವಳಿಗೆ ಆಗ ಅರಿವಾಯಿತು.

ದೀಪಾವಳಿಯ ರಜೆಯಲ್ಲಿ ಅವಳು ಊರಿಗೆ ಬಂದಳು. ಮುತ್ಯಾ ಅವಳನ್ನು ಹೊಲಕ್ಕೆ ಕರೆದೊಯ್ದು, ಬದುವಿನ ಕಲ್ಲನ್ನು ತೋರಿಸಿ, ನೆರೆಯವರ ಅನ್ಯಾಯವನ್ನು ಬಣ್ಣಿಸಿದರು. ಎಲ್ಲವನ್ನೂ ಕೇಳಿದ ಮೇಲೆ ಅವಳು, "ಆ ಕಡೆಯವರು ಏನಂತಾರ, ಮುತ್ಯಾ?" ಎಂದಳು.

ಮುತ್ಯಾ ಬಹಳ ಹೊತ್ತು ಜೋಳದ ಪೈರನ್ನು ನೋಡುತ್ತ ನಿಂತರು. "ಅದನ್ನ ನಾ ಕೇಳೇ ಇಲ್ಲವಾ" ಎಂದರು.

ಅಂದು ಸಂಜೆ ಅವರು ಹತ್ತು ವರ್ಷಗಳ ತರುವಾಯ ನೆರೆಯವರ ಕಟ್ಟೆಯ ಮೇಲೆ ಹೋಗಿ ಕುಳಿತರು. ಜಗಳವೇನೂ ಅಂದೇ ಹರಿಯಲಿಲ್ಲ. ಬದುವಿನ ಕಲ್ಲೂ ಕದಲಲಿಲ್ಲ. ಆದರೆ ನಿಂತುಹೋಗಿದ್ದ ಮಾತು ಮತ್ತೆ ಆರಂಭವಾಯಿತು.