ತಪ್ಪದ ಮದ್ದಳೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಭಾಗವತಿಕೆ ಕಲಿಯಲು ಹೊರಟವರಿಗೆ ಕಂಠಕ್ಕಿಂತ ಮೊದಲು ದಾರಿಯೇ ಅಡ್ಡ ಬರುತ್ತದೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಗುಡ್ಡ. ಪದ್ಯ ಹೇಳುವ ಉಮೇದು ಎಷ್ಟಿದ್ದರೇನು, ದಿನಾ ಸಂಜೆ ಜೊತೆಗೆ ಕೂತು ಮದ್ದಳೆ ಬಾರಿಸುವವರು ಎಲ್ಲಿ ಸಿಗಬೇಕು? ಶ್ರುತಿಯ ಕಷ್ಟವೇನೋ ಎಂದೋ ಕಳೆದಿದೆ. ಬೆಂಗಳೂರಿನ ಇಂಜಿನಿಯರ್, ಕೊಳಲುವಾದಕ ಜಿ. ರಾಜ್‌ನಾರಾಯಣ್ 1979ರಲ್ಲಿ ವಿದ್ಯುತ್ತಿನ ತಂಬೂರಿ ಮಾಡಿ ತೋರಿಸಿದರು. ಈಗ ಗುಂಡಿ ತಿರುಗಿಸಿದರೆ ಕಪ್ಪು ಎರಡೋ ಮೂರೋ, ಬೇಕಾದ ಶ್ರುತಿ ತಾನಾಗಿ ನಿಲ್ಲುತ್ತದೆ. ಮದ್ದಳೆಯ ಕತೆ ಹಾಗಲ್ಲ.

ಸಿದ್ದಾಪುರದ ಕಡೆಯ ಹಿರಿಯ ಭಾಗವತರೊಬ್ಬರಿಗೆ ಇದೇ ಚಿಂತೆ. ಮಗಳ ಮಗಳು ಇರುವುದು ಯಲ್ಲಾಪುರದ ಆಚೆ. ಅಜ್ಜ ಫೋನಿನಲ್ಲೇ ಪದ್ಯ ಹೇಳಿಕೊಟ್ಟರು. ರಾಗ ಬಂತು, ಸಾಹಿತ್ಯ ಬಂತು, ತಾಳ ಮಾತ್ರ ಬರಲಿಲ್ಲ. ಇಲ್ಲಿ ಹಾಕಿದ ತಾಳ ಅಲ್ಲಿ ಒಂದಿಷ್ಟು ತಡವಾಗಿಯೇ ಮುಟ್ಟುವಾಗ ಯಾರೇನು ಮಾಡಲಾದೀತು?

ಭಾಗವತರ ತಂಗಿಯ ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಶಿರಸಿಯ ಮನೆಯಲ್ಲೇ ಕುಳಿತು ಮಾಡುವವ. "ಮಾವಾ, ಆನೊಂದು ಮದ್ದಳೆ ಮಾಡಿಕೊಡ್ತಿ" ಎಂದ. ಅವನು ಹಿಡಿದದ್ದು ವಿಸಿವಿ ರ‍್ಯಾಕ್ ಎಂಬ ತಂತ್ರಾಂಶವನ್ನು. 2017ರಲ್ಲಿ ಬಂದದ್ದು, ಪುಕ್ಕಟೆ ಸಿಗುತ್ತದೆ. ಪರದೆಯ ಮೇಲೆ ಸಾಲಾಗಿ ಪೆಟ್ಟಿಗೆಗಳು. ಒಂದು ಲಯ ಕೊಡುತ್ತದೆ, ಒಂದು ಅಕ್ಷರ ಎಣಿಸುತ್ತದೆ, ಇನ್ನೊಂದು ಪೆಟ್ಟು ಹೊಡೆಸುತ್ತದೆ. ಒಂದರಿಂದ ಇನ್ನೊಂದಕ್ಕೆ ತಂತಿ ಎಳೆಯುವುದು ನಮ್ಮ ಕೆಲಸ. ಹೊರಗಿನ ವಾದ್ಯದೊಡನೆ ಅದು ಮಾತಾಡುವುದು ಮಿಡಿ ಎಂಬ ಭಾಷೆಯಲ್ಲಿ. 1983ರಲ್ಲಿ ಬಳಕೆಗೆ ಬಂದ ಈ ಮಿಡಿ ನಾದವನ್ನು ಸಾಗಿಸುವುದಿಲ್ಲ, ಬರೀ ಅಪ್ಪಣೆ ಸಾಗಿಸುತ್ತದೆ: ಯಾವ ಸ್ವರ, ಎಷ್ಟು ಜೋರು, ಯಾವಾಗ ಶುರು, ಯಾವಾಗ ಬಿಡುವುದು.

2021ರ ನವೆಂಬರಿನಲ್ಲಿ ಬಂದ ಅದರ ಎರಡನೆಯ ಆವೃತ್ತಿ ಅಳಿಯನಿಗೆ ದೊಡ್ಡ ಉಪಕಾರ ಮಾಡಿತ್ತು. ಹತ್ತಾರು ಪೆಟ್ಟಿಗೆಗಳನ್ನು ತಂತಿಗಳ ಸಮೇತ ಒಟ್ಟಿಗೆ ಗುರುತು ಮಾಡಿ, ಒಂದೇ ಗಂಟಾಗಿ ಕಟ್ಟಿಡಬಹುದು. ಪರಿಚಯದ ಮದ್ದಳೆಗಾರರ ಒಂದೊಂದೇ ಪೆಟ್ಟನ್ನು ಧ್ವನಿಮುದ್ರಿಸಿಕೊಂಡು ಅವನು ಏಕತಾಳಕ್ಕೊಂದು, ಏಳಕ್ಷರದ ತ್ರಿವುಡೆಗೊಂದು, ಹತ್ತಕ್ಷರದ ಝಂಪೆಗೊಂದು ಗಂಟು ಕಟ್ಟಿದ. ಪರದೆಯ ಮೇಲಿನ ಕೋಣೆಯ ಬೆಳಕನ್ನು ಕುಗ್ಗಿಸುವ ಸೌಕರ್ಯವೂ ಹೊಸದು. ಕತ್ತಲಲ್ಲಿ ಪೆಟ್ಟಿಗೆಗಳ ಪುಟ್ಟ ದೀಪಗಳಷ್ಟೇ ಮಿನುಗುತ್ತವೆ. ಅದನ್ನು ಕಂಡು ಮಾವ, "ಹಂಗಾರೆ ಇದು ದೊಂದಿ ಬೆಳಕಿನ ಆಟ" ಎಂದು ನಕ್ಕರು.

ನಗು ಪದ್ಯ ಶುರುವಾಗುವ ತನಕ. ಕರುಣರಸದ ಪದ್ಯವೊಂದನ್ನು ಎತ್ತಿಕೊಂಡ ಭಾಗವತರು, ಎದುರಿಗೆ ವೇಷಧಾರಿ ಇದ್ದಾನೆಂದೇ ಭಾವಿಸಿ, ಕೊನೆಯ ಸಾಲನ್ನು ಮತ್ತೊಮ್ಮೆ ಎಳೆದರು. ಯಂತ್ರ ಅಷ್ಟರಲ್ಲಿ ಮುಕ್ತಾಯ ಹೊಡೆದು ಸುಮ್ಮನಾಗಿತ್ತು.

"ತಪ್ತಿಲ್ಲೆ ತಮಾ. ಆದ್ರೆ ಕಾಯ್ತಿಲ್ಲೆ" ಎಂದರು.

ಮಾತು ಚಿಕ್ಕದು, ಯಕ್ಷಗಾನದ ಗುಟ್ಟು ಅದರಲ್ಲಿಯೇ ಇದೆ. ಭಾಗವತ ವೇಷಧಾರಿಯನ್ನು ನೋಡುತ್ತಾನೆ, ಮದ್ದಳೆಗಾರ ಭಾಗವತನನ್ನು ನೋಡುತ್ತಾನೆ. ದುಃಖ ಇಷ್ಟೇ ಅಕ್ಷರಕ್ಕೆ ಮುಗಿಯಬೇಕೆಂಬ ಕಟ್ಟಳೆ ಅಲ್ಲಿಲ್ಲ. ಊರೂರು ತಿರುಗಿ ನೂರಾರು ಮಂದಿಗೆ ಕಲಿಸಿದ ಹೊಸ್ತೋಟ ಮಂಜುನಾಥ ಭಾಗವತರು ಕಣ್ಣು ಕಾಣದ ಮಕ್ಕಳಿಗೂ ಯಕ್ಷಗಾನ ಕಲಿಸಿದ್ದರು. ಅಲ್ಲಿ ಮದ್ದಳೆಯ ಪೆಟ್ಟೇ ಕಣ್ಣು. ಹಿಮ್ಮೇಳವೂ ಆ ಮಕ್ಕಳ ಹೆಜ್ಜೆಗೆ ಕಾಯಬೇಕು. ಹೊಸ್ತೋಟದವರು ತೀರಿಕೊಂಡದ್ದು 2020ರ ಜನವರಿಯಲ್ಲಿ. ಅದೇ ತಿಂಗಳು ಅಮೆರಿಕದಲ್ಲಿ ಮಿಡಿಯ ಎರಡನೆಯ ಅವತಾರಕ್ಕೆ ಒಪ್ಪಿಗೆ ಸಿಕ್ಕಿತು. ಪೆಟ್ಟಿನ ಜೋರನ್ನು ಅಳೆಯಲು ಮೊದಲು ಇದ್ದದ್ದು 128 ಮೆಟ್ಟಿಲು, ಈಗ 65,536. ಅಳತೆ ನಯವಾಯಿತು, ನಿಜ. ಕಾಯುವುದಕ್ಕೆ ಮಾತ್ರ ಮೆಟ್ಟಿಲಿಲ್ಲ.

ಅಳಿಯ ಸೋಲಲಿಲ್ಲ, ಜಗಳವನ್ನೂ ಆಡಲಿಲ್ಲ. ಕೀಬೋರ್ಡಿಗೆ ಹಾಕುವ ಕಾಲುಪೆಡಲೊಂದನ್ನು ತಂದು ಜೋಡಿಸಿದ. ಅದನ್ನು ಒತ್ತಿ ಹಿಡಿದಷ್ಟು ಹೊತ್ತು ಮದ್ದಳೆ ಅದೇ ನಡೆಯಲ್ಲಿ ಸುತ್ತುತ್ತದೆ, ಕಾಲು ಬಿಟ್ಟ ಮೇಲೆಯೇ ಮುಕ್ತಾಯ. ಯಂತ್ರಕ್ಕೆ ಕಾಯುವುದನ್ನು ಕಲಿಸಲು ಅವನಿಗೆ ಆಗಲಿಲ್ಲ. ಎಷ್ಟು ಕಾಯಬೇಕೆಂಬ ತೀರ್ಮಾನವನ್ನು ಹಾಡುವವಳ ಕಾಲಿಗೇ ಒಪ್ಪಿಸಿದ. ಮಾವ ಎರಡು ಪದ್ಯ ಹೇಳಿ ನೋಡಿ, "ಅಭ್ಯಾಸಕ್ಕೆ ಅಡ್ಡಿಲ್ಲೆ" ಎಂದರು. ಅವರ ಬಾಯಲ್ಲಿ ಅದು ಪ್ರಶಸ್ತಿಪತ್ರ.

ಮಳೆಗಾಲವಿಡೀ, ಕರೆಂಟು ಇದ್ದ ಸಂಜೆಗಳಲ್ಲಿ, ಯಲ್ಲಾಪುರದ ಆ ಮನೆಯಲ್ಲಿ ತ್ರಿವುಡೆ, ಝಂಪೆ ನಡೆದವು. ಹುಡುಗಿಯ ತಾಳ ಗಟ್ಟಿಯಾಯಿತು. ದೀಪಾವಳಿ ಕಳೆದು ಊರಿನ ತಾಳಮದ್ದಳೆಯಲ್ಲಿ ಮೊದಲ ಬಾರಿಗೆ ನಿಜವಾದ ಮದ್ದಳೆಯ ಪಕ್ಕ ಕೂತು ಪದ್ಯ ಎತ್ತಿದಳು. ಕೊನೆಯ ಸಾಲು ಎಳೆಯುವಾಗ ಅವಳ ಬಲಗಾಲು ರೂಢಿಯಂತೆ ಜಮಖಾನೆಯನ್ನು ಒತ್ತಿತು. ಮದ್ದಳೆಗಾರರು ಅವಳ ಕಾಲನ್ನು ನೋಡಲಿಲ್ಲ. ಮುಖ ನೋಡುತ್ತಿದ್ದರು, ಕಾಯುತ್ತಲೇ ಇದ್ದರು.