ನಲವತ್ತೆರಡರಲ್ಲಿ ಬರೆದ ಎಂಟು

ಕಲಿಯುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲವೆಂದು ತರಗತಿಯಲ್ಲಿ ನಿಂತು ಹೇಳುವುದು ಸುಲಭ. ಹಾಗೆ ಹೇಳುವ ಮಾಸ್ತರರನ್ನೇ ಕರೆದು ಮೈದಾನದ ನಡುವೆ ನಿಲ್ಲಿಸಿ, ಬಾರದ ಒಂದು ವಿದ್ಯೆಯನ್ನು ಹತ್ತು ಮಂದಿಯ ಎದುರಿನಲ್ಲಿ ಮಾಡಿ ತೋರಿಸಿರೆಂದರೆ ಆಗ ಆ ಮಾತಿನ ತೂಕ ತಿಳಿಯುತ್ತದೆ. ನಮಗೆ ಅದು ತಿಳಿದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ, ಬೈಕು ಕಲಿಯಹೊರಟಾಗ.

ಬೆಳಗ್ಗೆ ಗೇಟಿನ ಬಳಿ ಕೇಳುವ ನಮ್ಮ ಬೈಕಿನ ಸದ್ದು ಈ ಶಾಲೆಯ ಮಕ್ಕಳಿಗೆಲ್ಲ ಪರಿಚಿತ. ಆ ಸದ್ದು ಕೇಳಿದೊಡನೆ ವರಾಂಡದಲ್ಲಿ ಓಡಾಡುತ್ತಿದ್ದವರು ಬೆಂಚಿಗೆ ಹಾರಿ ಪುಸ್ತಕ ತೆರೆಯುವುದೂ ನಮಗೆ ಗೊತ್ತು! ಆದರೆ ಆ ಬೈಕು ನಮ್ಮ ಪಾಲಿಗೆ ಹೇಗೆ ಬಂತು, ಅದು ಬರುವ ಮೊದಲು ನಾವು ಹೇಗಿದ್ದೆವು ಎಂಬುದು ಹೆಚ್ಚಿನವರಿಗೆ ತಿಳಿಯದು. ಸಂಚಿಕೆಗೆ ಏನಾದರೂ ಬರೆಯಿರೆಂದು ಮಕ್ಕಳು ಬೆನ್ನುಬಿದ್ದುದರಿಂದ ಅದನ್ನೇ ಬರೆಯೋಣವೆನಿಸಿತು.

ಈ ಶಾಲೆಗೆ ನಾವು ಬಂದುದು 2018ರ ಮಳೆಗಾಲದಲ್ಲಿ. ಇಷ್ಟಪಟ್ಟು ಬಂದುದಲ್ಲ. ಅದಕ್ಕೆ ಮೊದಲು ಮನೆಗೆ ಹತ್ತಿರದ ಇನ್ನೊಂದು ಶಾಲೆಯಲ್ಲಿ ಹದಿನೇಳು ವರ್ಷ ಕನ್ನಡ ಕಲಿಸಿದ್ದೆವು. ಕೇರಳದ ಶಾಲೆಗಳಲ್ಲಿ ವರ್ಷಾರಂಭದ ಆರನೆಯ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರು ಎಂಬ ತೀರ್ಮಾನ ಆ ಲೆಕ್ಕದ ಮೇಲೆ. ನಮ್ಮಲ್ಲಿ ಕನ್ನಡ ವಿಭಾಗಕ್ಕೆ ಸೇರುವ ಮಕ್ಕಳು ಕಡಿಮೆಯಾಗುತ್ತ ಬಂದು, ಆ ವರ್ಷ ಒಂದು ಡಿವಿಷನ್ ಬಿದ್ದುಹೋಯಿತು. ಅದರೊಂದಿಗೆ ನಮ್ಮ ಹುದ್ದೆಯೂ ಹೋಯಿತು. ಕೆಲಸ ಹೋಗಲಿಲ್ಲ, ಸಂಬಳವೂ ನಿಲ್ಲಲಿಲ್ಲ. “ಹೆಚ್ಚುವರಿ ಅಧ್ಯಾಪಕ” ಎಂದು ಕಾಗದದಲ್ಲಿ ಬರೆದು ಇಲ್ಲಿಗೆ ಕಳುಹಿಸಿದರು, ಅಷ್ಟೆ.

ಪದಗಳ ಅರ್ಥ ಹೇಳುವುದೇ ನಮ್ಮ ಕಸುಬು. ಆದರೂ “ಹೆಚ್ಚುವರಿ” ಎಂಬ ಪದದ ಅರ್ಥ ನಮಗೆ ಅಂದೇ ತಿಳಿದದ್ದು. ಭಾಗಾಕಾರ ಮುಗಿದ ಮೇಲೆ ಕೆಳಗೆ ಉಳಿಯುವ ಶೇಷವಿದೆಯಲ್ಲ, ಯಾರ ಪಾಲಿಗೂ ಸಲ್ಲದ್ದು, ನಾವು ಅದಾಗಿದ್ದೆವು.

ಬದಿಯಡ್ಕದ ಸಮೀಪದ ನಮ್ಮ ಮನೆಯಿಂದ ಇಲ್ಲಿಗೆ ಬರಲು ಎರಡು ಬಸ್ಸು ಹಿಡಿಯಬೇಕು. ಒಂದು ಮುಳ್ಳೇರಿಯದವರೆಗೆ, ಅಲ್ಲಿಂದ ಜಾಲ್ಸೂರು ರಸ್ತೆಯಲ್ಲಿ ಇನ್ನೊಂದು, ಮತ್ತೆ ನಡಿಗೆ. ಒಂದು ಬಸ್ಸು ತಪ್ಪಿದರೆ ಮೊದಲನೆಯ ಪೀರಿಯಡ್ಡೂ ತಪ್ಪಿದಂತೆ. ಸಂಜೆ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಶನಿವಾರದ ತಾಳಮದ್ದಳೆ ಕೂಟಕ್ಕೆ ಹೋಗುವುದು ನಿಂತಿತು. ಓದು ನಿಂತಿತು. ತರಗತಿಯಲ್ಲಿ ಸಣ್ಣ ತಪ್ಪಿಗೂ ಸಿಡುಕುತ್ತಿದ್ದೆವು. ಆ ವರ್ಷದ ಎಂಟನೆಯ ತರಗತಿಯವರು ಇದನ್ನು ಓದುತ್ತಿದ್ದರೆ ನಮ್ಮನ್ನು ಕ್ಷಮಿಸಬೇಕು.

ಹೀಗಿರುವಾಗ ನೆರೆಮನೆಯ ಯುವಕನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಅವನು ತನ್ನ ಹಳೆಯ ಸ್ಪ್ಲೆಂಡರ್ ಬೈಕನ್ನು ತಳ್ಳಿಕೊಂಡು ಬಂದು, “ಮಾಸ್ಟ್ರೇ, ಇದು ಇಲ್ಲಿ ತುಕ್ಕು ಹಿಡಿಯುವುದಕ್ಕಿಂತ ನೀವು ಓಡಿಸಿ. ನಿಮಗೆ ತೋರಿದಷ್ಟು ಕೊಡಿ” ಎಂದ. ನಮಗೆ ಬೈಕು ಬಾರದೆಂದು ಅವನಿಗೆ ಗೊತ್ತಿರಲಿಲ್ಲ. ಸಂಕೋಚದಿಂದ ನಾವೂ ಹೇಳಲಿಲ್ಲ! ಬೈಕು ಕೊಟ್ಟಿಗೆ ಸೇರಿತು. ಅಡಿಕೆಯ ಗೋಣಿ ಹೊದ್ದು ಎರಡು ತಿಂಗಳು ಅಲ್ಲೇ ನಿಂತಿತು.

“ಸೈಕಲಿನಿಂದ ಬಿದ್ದ ಗಾಯದ ಗುರುತು ನಿಮ್ಮ ಮೊಣಕಾಲಿನಲ್ಲಿ ಇನ್ನೂ ಉಂಟು. ಈ ಪ್ರಾಯದಲ್ಲಿ ಇದು ಬೇಕಾ?” ಎಂದು ಮನೆಯವರು ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: “ಕಲಿಯುವುದಾದರೆ ಸರಿಯಾಗಿ ಕಲಿಯಿರಿ. ಹೀಗೆ ಬಸ್‌ಸ್ಟಾಂಡಿನಲ್ಲಿ ನಿಂತು ನಿಂತು ಮುದುಕರಾಗುವುದು ಬೇಡ.”

ಮೊದಲು ಲರ್ನರ್ಸ್ ಪರೀಕ್ಷೆ. ಆಗ ಇಪ್ಪತ್ತು ಪ್ರಶ್ನೆಗಳಿದ್ದು ಹನ್ನೆರಡಕ್ಕೆ ಸರಿಯುತ್ತರ ಕೊಟ್ಟರೆ ಸಾಕಿತ್ತು. ನಾವು ಹತ್ತೊಂಬತ್ತು ತೆಗೆದು ಎದೆಯುಬ್ಬಿಸಿಕೊಂಡು ಬಂದೆವು. ಪುಸ್ತಕದ ವಿದ್ಯೆಗೂ ಮೈಗೆ ಹತ್ತುವ ವಿದ್ಯೆಗೂ ಎಷ್ಟು ಅಂತರವೆಂಬುದು ಮರುದಿನ ಮೈದಾನದಲ್ಲಿ ತಿಳಿಯಿತು. ಕ್ಲಚ್ಚನ್ನು ತಟ್ಟನೆ ಬಿಟ್ಟೆವು. ಗಾಡಿ ಒಮ್ಮೆ ಜಿಗಿದು ನಿಂತಿತು. ಮತ್ತೆ ಕಿಕ್, ಮತ್ತೆ ಜಿಗಿತ. ನಮ್ಮೊಂದಿಗೆ ಕಲಿಯುತ್ತಿದ್ದ, ಆಗತಾನೆ ಹದಿನೆಂಟು ತುಂಬಿದ ಹುಡುಗಿಯೊಬ್ಬಳು ಐದೇ ದಿನಕ್ಕೆ ಸರಾಗವಾಗಿ ಸುತ್ತುಹಾಕತೊಡಗಿದಳು. ನಮ್ಮದು ಹತ್ತನೆಯ ದಿನವೂ ಜಿಗಿತವೇ.

ಕಲಿಸುತ್ತಿದ್ದ ತರುಣನ ಮುಖವನ್ನು ನಾವು ಮೊದಲ ದಿನವೇ ಗುರುತಿಸಿದ್ದೆವು. ಹಳೆಯ ಶಾಲೆಯಲ್ಲಿ ನಮ್ಮ ವಿದ್ಯಾರ್ಥಿಯಾಗಿದ್ದವನು. ವ್ಯಾಕರಣದಲ್ಲಿ ಹಿಂದು. ಸಂಧಿ ಬಿಡಿಸಲು ಬಾರದೆ ನಿಂತಾಗ, “ನಿನ್ನ ತಲೆಗೆ ಇದು ಈ ಜನ್ಮದಲ್ಲಿ ಹತ್ತುವುದಿಲ್ಲ” ಎಂದು ಎಲ್ಲರ ಎದುರಿನಲ್ಲಿ ಅವನಿಗೆ ಹೇಳಿದ್ದುಂಟು. ಅವನಿಗೆ ಅದು ನೆನಪಿತ್ತೋ ಇಲ್ಲವೋ, ನಮಗಂತೂ ಬೈಕು ನಿಂತಾಗಲೆಲ್ಲ ನೆನಪಾಗುತ್ತಿತ್ತು. ಅವನು ಒಮ್ಮೆಯೂ ದನಿಯೇರಿಸಲಿಲ್ಲ. “ಸರ್, ಚಕ್ರ ನೋಡಬೇಡಿ, ದೂರ ನೋಡಿ. ಕಣ್ಣು ಹೋದಲ್ಲಿಗೆ ಗಾಡಿ ಹೋಗ್ತದೆ” ಎಂದು ಪ್ರತಿಸಲವೂ ಮೊದಲ ಸಲ ಹೇಳುವವನಂತೆಯೇ ಹೇಳುತ್ತಿದ್ದ.

ಕೇರಳದಲ್ಲಿ ಬೈಕಿನ ಲೈಸೆನ್ಸ್ ಸಿಗಬೇಕಾದರೆ “ಎಂಟು” ಹಾಕಬೇಕು. ನೆಲದ ಮೇಲೆ ಕಬ್ಬಿಣದ ಸರಳುಗಳನ್ನು ನಿಲ್ಲಿಸಿ ಎಂಟರ ಆಕಾರದ ದಾರಿ ಮಾಡಿರುತ್ತಾರೆ. ಸರಳಿಗೆ ತಗಲದೆ, ಕಾಲು ನೆಲಕ್ಕೆ ಊರದೆ ಅದರೊಳಗೆ ಸುತ್ತಿ ಬರಬೇಕು. ಹುಡುಗರು ಬೈಕಿನಲ್ಲಿ ಹಾರಿಕೊಂಡು ಹೋಗುವುದನ್ನು ಕಂಡು, ವೇಗವೇ ಸಾಮರ್ಥ್ಯವೆಂದು ನಾವು ತಿಳಿದಿದ್ದೆವು. ಹಾಗಲ್ಲ. ಓಡುವ ಗಾಡಿ ತನ್ನನ್ನು ತಾನೇ ಅಷ್ಟಿಷ್ಟು ಸಂಭಾಳಿಸಿಕೊಳ್ಳುತ್ತದೆ. ನಿಧಾನವಾದಷ್ಟೂ ಅದು ವಾಲುತ್ತದೆ. ವಾಲಿದ ಕಡೆಗೆ ಹ್ಯಾಂಡಲನ್ನು ತುಸು ತಿರುಗಿಸಿ ಚಕ್ರಗಳನ್ನು ಮತ್ತೆ ಭಾರದ ಕೆಳಗೆ ತಂದುಕೊಳ್ಳಬೇಕು. ನಿಧಾನವಾಗಿ ಹೋಗುವುದೇ ನಿಜವಾದ ವಿದ್ಯೆ.

ಪರೀಕ್ಷೆಯ ದಿನ ಮೊದಲ ಸುತ್ತು ಸರಿಯಾಯಿತು. ಎರಡನೆಯ ತಿರುವಿನಲ್ಲಿ ಸರಳನ್ನೇ ನೋಡಿದೆವು. ಗಾಡಿಯೂ ಅತ್ತಲೇ ಹೋಯಿತು. ಕಾಲು ನೆಲಕ್ಕೆ ತಾಗಿತು. ಪರೀಕ್ಷಕರು ತಲೆಯೆತ್ತದೆ ಕಾಗದದಲ್ಲಿ ಗೀಟು ಹಾಕಿದರು. ಎಷ್ಟು ಉತ್ತರಪತ್ರಿಕೆಗಳಲ್ಲಿ ಎಷ್ಟು ಕೆಂಪು ಗೀಟುಗಳನ್ನು ನಾವು ಹಾಗೆಯೇ ತಲೆಯೆತ್ತದೆ ಎಳೆದಿಲ್ಲ! ಮನೆಗೆ ಬರುವಾಗ ಮಗಳು ಅಂಗಳದಲ್ಲೇ ಕಾಯುತ್ತಿದ್ದಳು. “ಅಪ್ಪ, ಪಾಸಾ?” ಎಂದಳು. ಅಂಕಪಟ್ಟಿಯನ್ನು ಚೀಲದ ಅಡಿಯಲ್ಲಿ ಅಡಗಿಸುವ ಮಕ್ಕಳ ಮನಸ್ಸು ಅಂದು ನಮಗೆ ಅರ್ಥವಾಯಿತು. ಅಧ್ಯಾಪಕ ತರಬೇತಿಯಲ್ಲಿ ಮಕ್ಕಳ ಮನಃಶಾಸ್ತ್ರವನ್ನು ಓದಿ ಪಾಸಾದವರು ನಾವು. ಆ ಪುಸ್ತಕದಲ್ಲಿ ಈ ಪಾಠ ಸಿಕ್ಕಿರಲಿಲ್ಲ.

ಮರುದಿನ ಮೈದಾನಕ್ಕೆ ಹೋಗಲು ಮನಸ್ಸಾಗಲಿಲ್ಲ. ಆ ದಿನಗಳಲ್ಲಿ ಮೋಟಾರು ಸೈಕಲಿನ ಚರಿತ್ರೆಯನ್ನು ಓದಿದೆವು. 1885ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಎಂಬವರು ಮರದ ಚೌಕಟ್ಟಿಗೆ ಪೆಟ್ರೋಲ್ ಎಂಜಿನ್ ಕೂಡಿಸಿ ಓಡಿಸಿದ ಗಾಡಿಯನ್ನು ಮೊದಲ ಮೋಟಾರು ಸೈಕಲೆಂದು ಹೇಳುವುದುಂಟು. ಅದರ ಎರಡು ಪಕ್ಕಗಳಲ್ಲಿ ಬೀಳದಂತೆ ಎರಡು ಪುಟ್ಟ ಚಕ್ರಗಳಿದ್ದವು, ಮಕ್ಕಳ ಸೈಕಲಿಗೆ ಇರುವಂತೆ! ಜಗತ್ತಿನ ಮೊದಲ ಮೋಟಾರು ಸೈಕಲಿಗೇ ಆಸರೆ ಬೇಕಾಗಿದ್ದರೆ ನಮಗೆ ನಾಚಿಕೆಯೇಕೆ? ಮತ್ತೆ ಹೋದೆವು. 2019ರ ಜನವರಿಯಲ್ಲಿ ಎರಡನೆಯ ಸಲ ಪರೀಕ್ಷೆಗೆ ನಿಂತು, ಸರಳನ್ನು ನೋಡದೆ, ದೂರ ನೋಡುತ್ತ ಎಂಟನ್ನು ಪೂರೈಸಿದೆವು. ಕನ್ನಡದ ಅಂಕಿಯಲ್ಲಿ ೮ ಬರೆಯುವುದನ್ನು ಎಳವೆಯಲ್ಲೇ ಕಲಿತಿದ್ದೆವು. ಈ ಎಂಟನ್ನು ಬರೆಯಲು ನಲವತ್ತೆರಡು ವರ್ಷ ಬೇಕಾಯಿತು.

ಆ ಪರೀಕ್ಷೆಯನ್ನು ನಾವು ಕೊಟ್ಟುದು ಕೈಯಿಂದ ಗೇರು ಬದಲಿಸುವ ಬಜಾಜ್ ಎಂ-80ರಲ್ಲಿ. ಆಗ ಹೆಚ್ಚಿನವರೂ ಹಾಗೆಯೇ ಮಾಡುತ್ತಿದ್ದರು. ಕಾಲಿನ ಗೇರಿನ ಬೈಕೇ ಆಗಬೇಕೆಂಬ ನಿಯಮ ಬಂದುದು 2024ರಲ್ಲಿ. ಆದುದರಿಂದ ಲೈಸೆನ್ಸ್ ಕೈಗೆ ಬಂದ ಮೇಲೆಯೂ ನಮ್ಮ ಸ್ಪ್ಲೆಂಡರಿನ ಕಾಲಿನ ಗೇರನ್ನು ಹಲವು ಭಾನುವಾರ ಅಭ್ಯಾಸ ಮಾಡಿಯೇ ರಸ್ತೆಗಿಳಿದೆವು.

ಮೊದಲ ದಿನ ಬೈಕಿನಲ್ಲಿ ಶಾಲೆಗೆ ಹೊರಟಾಗ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಗೇರುಮರಗಳು ಹೂ ಬಿಟ್ಟಿದ್ದವು. ಅಂಗಳಗಳಲ್ಲಿ ಅಡಿಕೆ ಹರಡಿತ್ತು. ಆರು ತಿಂಗಳು ಬಸ್ಸಿನಲ್ಲಿ ಕುಳಿತು ಬಂದ ದಾರಿಯೇ ಅದು. ಆದರೂ ನಾವು ಅದನ್ನು ನೋಡಿದ್ದು ಅಂದೇ. ಶಾಲೆಗೆ ಹೊತ್ತಿಗೆ ಮೊದಲೇ ತಲುಪಿದೆವು. ಆ ಶನಿವಾರ ತಾಳಮದ್ದಳೆಗೂ ಹೋದೆವು. “ಓ, ಮಾಸ್ಟ್ರು ಬಂದ್ರು!” ಎಂದು ಭಾಗವತರು ನಕ್ಕರು.

ಇಷ್ಟೇ ಆಗಿದ್ದರೆ ಇದು ಬರೆಯತಕ್ಕ ವಿಷಯವಾಗುತ್ತಿರಲಿಲ್ಲ. 2020ರಲ್ಲಿ ಕೊರೋನಾ ಬಂತು, ಶಾಲೆ ಮುಚ್ಚಿತು. ಜೂನ್ 1ರಿಂದ ಟಿ.ವಿ. ಮತ್ತು ಮೊಬೈಲಿನಲ್ಲಿ ಪಾಠಗಳು ಸುರುವಾದವು. ಆದರೆ ಗುಡ್ಡದ ಆಚೆಯ ನಮ್ಮ ಮಕ್ಕಳ ಮನೆಗಳಿಗೆ ನೆಟ್‌ವರ್ಕ್ ಎಲ್ಲಿಯದು? ಬರೆದ ಟಿಪ್ಪಣಿಗಳನ್ನು ಚೀಲಕ್ಕೆ ತುಂಬಿ, ಓಡಾಟಕ್ಕೆ ಅನುಮತಿಯಿದ್ದ ದಿನಗಳಲ್ಲಿ ಮನೆ ಮನೆಗೆ ಹೋದೆವು. ಬಸ್ಸನ್ನು ನಂಬಿದ್ದರೆ ಇದು ಆಗುತ್ತಿರಲಿಲ್ಲ. ಒಬ್ಬ ಹುಡುಗ ಓದು ಬಿಟ್ಟು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗತೊಡಗಿದ್ದ. ಮೂರು ಸಲ ಅವನ ಮನೆಗೆ ಹೋದಾಗಲೂ ಅವನು ಸಿಗಲಿಲ್ಲ. ನಾಲ್ಕನೆಯ ಸಲ ಅವನ ಅಜ್ಜಿ ಮಜ್ಜಿಗೆ ತಂದುಕೊಟ್ಟು ತುಳುವಿನಲ್ಲಿ ಹೇಳಿದರು: “ಮಾಸ್ಟ್ರು ಈ ಗುಡ್ಡೆ ಹತ್ತಿ ನಾಲ್ಕು ಸಲ ಬಂದರು. ಇವನಿಗೆ ಇಳಿದು ಒಂದು ಸಲ ಬರಲಿಕ್ಕೆ ಆಗುವುದಿಲ್ಲವಾ?” ಶಾಲೆ ತೆರೆದಾಗ ಅವನು ಬಂದ. ಹತ್ತನೆಯ ತರಗತಿಯನ್ನೂ ದಾಟಿದ. “ಹೆಚ್ಚುವರಿ” ಎಂಬ ಪದ ನಮ್ಮ ಮನಸ್ಸಿನಿಂದ ಅಳಿದುದು ಅಂದಿನಿಂದ.

ತರಗತಿಯಲ್ಲಿಯೂ ಒಂದು ಬದಲಾವಣೆಯಾಯಿತು. ಈಗ ಯಾರಾದರೂ ಸಂಧಿ ಬಿಡಿಸಲಾರದೆ ನಿಂತರೆ, ತಲೆಗೆ ಹತ್ತುವುದಿಲ್ಲವೆಂಬ ಮಾತು ನಮ್ಮ ಬಾಯಿಂದ ಬರುವುದಿಲ್ಲ. ಕ್ಲಚ್ ಬಿಟ್ಟು ಜಿಗಿದ ಆ ಬೈಕು ಕಣ್ಣ ಮುಂದೆ ಬರುತ್ತದೆ. ಇನ್ನೊಮ್ಮೆ ಹೇಳುತ್ತೇವೆ. ನಮಗೆ ಕಲಿಸಿದ ಆ ಶಿಷ್ಯನಿಗೆ ಲೈಸೆನ್ಸ್ ಬಂದ ದಿನ ಹಳೆಯ ಮಾತನ್ನು ನೆನಪಿಸಿ ತಪ್ಪಾಯಿತೆಂದೆವು. ಅವನು, “ಅದೆಲ್ಲ ಬಿಡಿ ಸರ್, ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಹಾಕಿ” ಎಂದ.

ಇದನ್ನೋದಿ, ನಾಳೆಯೇ ಅಪ್ಪನ ಬೈಕು ತೆಗೆಯೋಣವೆಂದು ಯಾವ ವಿದ್ಯಾರ್ಥಿಯೂ ಹೊರಡಬಾರದು. ಗೇರಿನ ಬೈಕಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯಂತೆ, ಪ್ರಾಯವಾಗದ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ ಅಥವಾ ಗಾಡಿಯ ಮಾಲಿಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಆಗಬಹುದು. ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಇಮ್ಮಡಿಯಲ್ಲ, ನಾಲ್ಕು ಮಡಿ. ವಿಜ್ಞಾನದ ಅಧ್ಯಾಪಕರನ್ನು ಕೇಳಿರಿ, ಕಾರಣ ಹೇಳುತ್ತಾರೆ. ಹೆತ್ತವರಲ್ಲಿ ನಮ್ಮ ವಿನಂತಿಯಿಷ್ಟೆ: ಕೀಲಿಕೈಯನ್ನು ಮೊಳೆಗೆ ತೂಗಹಾಕಬೇಡಿ, ಕಿಸೆಯಲ್ಲಿರಲಿ.

ಹದಿನೆಂಟಕ್ಕೆ ಕಾಯುವ ಪ್ರಾಯ ನಿಮ್ಮದು. ನಲವತ್ತೆರಡಕ್ಕೆ ಕಲಿತ ನಮಗೆ ಹೇಳಲಿರುವುದು ಒಂದೇ ಮಾತು. ಎಂದಾದರೂ ಬಾಳಿನ ಲೆಕ್ಕದಲ್ಲಿ ಶೇಷವಾಗಿ ಉಳಿದೆವೆಂದು ನಿಮಗೆ ತೋರಿದರೆ, ಬಾರದ ಒಂದು ವಿದ್ಯೆಯನ್ನು ಮೊದಲಿನಿಂದ ಕಲಿಯಲು ಹೊರಡಿರಿ. ಬೀಳಬಹುದು, ಹತ್ತು ಮಂದಿ ನಗಬಹುದು. ಚಕ್ರವನ್ನು ನೋಡಬೇಡಿ, ದೂರ ನೋಡಿ.