ಒಣದ್ರಾಕ್ಷಿ ಹಂಗಾಮಿನ ರಾತ್ರಿಗಳು

ಮಾರ್ಚ್ 9, 2025, ರವಿವಾರ

ಕೊನೆಯ ಪ್ಲಾಟಿನ ದ್ರಾಕ್ಷಿಯೂ ಇವತ್ತು ಶೆಡ್ ಸೇರಿತು. ಮುಂಜಾನೆ ಆರಕ್ಕೆ ನೆನೆದ ಕೈ ಸಂಜೆ ಆರಾದರೂ ಆರಿರಲಿಲ್ಲ. ನೂರು ಲೀಟರ್ ನೀರಿಗೆ 2.5 ಕಿಲೋ ಪೊಟ್ಯಾಶಿಯಂ ಕಾರ್ಬೊನೇಟ್, 1.5 ಲೀಟರ್ ಡಿಪ್ಪಿಂಗ್ ಆಯಿಲ್. ಅದರಲ್ಲಿ ಗೊಂಚಲು ಅದ್ದಿ ತೆಗೆದು ಜಾಳಿಗೆಯ ಮೇಲೆ ಹರವಬೇಕು. ಕಾಯಿಯ ಮೈಗೆ ಹತ್ತಿದ ಮೇಣ ಬಿಟ್ಟರೆ ಒಳಗಿನ ನೀರಿಗೆ ಹೊರದಾರಿ ಸಿಗುತ್ತದೆ. ನೆರಳಲ್ಲೇ 12-15 ದಿನಕ್ಕೆ ಒಣಗುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಇನ್ನು ಎರಡು ವಾರ ಆಕಾಶ ನೋಡುವುದೊಂದೇ ಕೆಲಸ.

ಅತ್ತಿ ತಮ್ಮ ಪಾಲು ಬೇರೆ ತೆಗೆಸಿಟ್ಟುಕೊಂಡರು. ಪ್ರತಿ ವರ್ಷದ ಹಾಗೆ ನಾಲ್ಕು ಕ್ರೇಟು. ಅದಕ್ಕೆ ಎಣ್ಣೆ ಇಲ್ಲ, ಪುಡಿ ಇಲ್ಲ, ಗಂಧಕದ ಹೊಗೆ ಇಲ್ಲ. ಬಿಸಿನೀರಲ್ಲಿ ಒಮ್ಮೆ ಅದ್ದಿ, ಮಾಳಿಗೆ ಮೇಲೆ ಹಳೇ ಇಳಕಲ್ ಸೀರೆ ಹಾಸಿ ಹರವಿ, ಮೇಲೊಂದು ತೆಳು ಧೋತರ ಹೊದಿಸುತ್ತಾರೆ. ಶೆಡ್ಡಿನ ಮಾಲು ಹಸಿರಾಗಿ ಉಳಿದರೆ ಇದು ಕಂದಾಗಿ, ಆಮೇಲೆ ಕಪ್ಪಾಗುತ್ತದೆ.

ಮಗಳು ಮೊನ್ನೆಯೇ ನಿಪ್ಪಾಣಿಯಿಂದ ಬಂದಳು. ಚೊಚ್ಚಲ ಹೆರಿಗೆ ತವರಲ್ಲೇ. ಕಾಲು ಬಾತಿವೆ, ನಿದ್ದೆ ಬೇಗ ಹತ್ತುವುದಿಲ್ಲ. ರಾತ್ರಿ ಊಟದ ಮೇಲೆ ಮೊಬೈಲನ್ನು ಟಿವಿಗೆ ಜೋಡಿಸಿ, "ಅವ್ವಾ, ಹೆರಿಗಿ ಆಗೂತನಾ ದಿನಾ ಒಂದ ಸಿನಿಮಾ ನೋಡೂಣು" ಅಂದಳು. ಒಪ್ಪಿದೆ. ಶರತ್ತು ಒಂದೇ: ಕೈ ಖಾಲಿ ಇರಬಾರದು. ಬಾಣಂತಿಯ ಉಂಡಿಗೆ ಉತ್ತತ್ತಿ ಬೀಜ ಬಿಡಿಸುವುದಿದೆ, ಒಣ ಕೊಬ್ಬರಿ ತುರಿಯುವುದಿದೆ, ಗೋಡಂಬಿ ಸೀಳುವುದಿದೆ.

ಮಾರ್ಚ್ 14, ಶುಕ್ರವಾರ

ಇವತ್ತು ಅತ್ತಿಯ ಆಯ್ಕೆ. 'ಪಿಂಜರಾ', ವ್ಹಿ. ಶಾಂತಾರಾಮರ 1972ರ ಮರಾಠಿ ಚಿತ್ರ. ನಮ್ಮ ಕಡೆ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಕಾಗವಾಡ ದಾಟಿದರೆ ಮೀರಜ, ಶಾಂತಾರಾಮರ ಕೊಲ್ಲಾಪುರವೇನೂ ದೂರವಲ್ಲ. ಅತ್ತಿಯ ತವರಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮರಾಠಿ. ಊರಿಗೇ ಮಾದರಿಯಾಗಿದ್ದ ಮಾಸ್ತರ ತಮಾಶಾದವಳ ಹಿಂದೆ ಬಿದ್ದು, ತಾನು ಯಾರೆಂಬುದನ್ನೇ ಕಳಕೊಳ್ಳುವ ಕಥೆ. ಇಪ್ಪತ್ತೆಂಟು ವರ್ಷ ಮಾಸ್ತರಿಕೆ ಮಾಡಿದ ನನಗೆ ಶ್ರೀರಾಮ ಲಾಗೂ ಅವರ ಮುಖ ನೋಡುತ್ತ ಎದೆ ಭಾರವಾಯಿತು. ಅತ್ತಿ ಮಾತ್ರ ಲಾವಣಿ ಬಂದಾಗಲೆಲ್ಲ ಉತ್ತತ್ತಿ ಕೈಬಿಟ್ಟು ಬೆರಳಿಂದ ಮಂಚದ ಕಾಲು ತಟ್ಟುತ್ತಿದ್ದರು.

ಬೀಜ ತೆಗೆದ ಉತ್ತತ್ತಿ ಮುಕ್ಕಾಲು ಕಿಲೋ ಆಯಿತು.

ಮಾರ್ಚ್ 18, ಮಂಗಳವಾರ

ಊಟಕ್ಕೆ ಕೂತಾಗ ನಮ್ಮ ಮನೆಯವರು ಮೆಲ್ಲಗೆ ವಿಷಯ ತೆಗೆದರು. ಬಳ್ಳಿ ಕಿತ್ತು ಕಬ್ಬು ಹಚ್ಚುವ ವಿಚಾರ. ಔಷಧಕ್ಕೆ, ಆಳಿಗೆ, ತಂತಿಗೆ, ಕಂಬಕ್ಕೆ ಹಾಕಿದ ದುಡ್ಡು ಹೋದ ವರ್ಷ ಕೈಗೆ ಮರಳಿರಲಿಲ್ಲ. ಕಬ್ಬಿಗಾದರೆ ರಾತ್ರಿ ಎದ್ದು ಮೋಡ ನೋಡುವ ಕಷ್ಟ ಇಲ್ಲ. ನಾನು ತಿರುಗಿ ಏನೂ ಅನ್ನಲಿಲ್ಲ. ಹದಿನಾಲ್ಕು ವರ್ಷದ ಬಳ್ಳಿ. ಮಗಳು ಏಳನೇ ಇಯತ್ತೆಯಲ್ಲಿದ್ದಾಗ ಹಚ್ಚಿದ್ದು. ಅನ್ನುವ ಮಾತು ಇತ್ತು, ಗಂಟಲಲ್ಲೇ ಉಳಿಯಿತು.

ರಾತ್ರಿ ಸಿನಿಮಾ ಇಲ್ಲ.

ಮಾರ್ಚ್ 21, ಶುಕ್ರವಾರ

'ನಾಗಮಂಡಲ' ನೋಡಿದೆವು. ಕಾರ್ನಾಡರ ನಾಟಕ, ನಾಗಾಭರಣರ ನಿರ್ದೇಶನ, 1997ರದು. ಪರದೆಯ ಮೇಲೆ ನಮ್ಮ ಮಾತು ಕೇಳಿದರೆ ನನಗೆ ಈಗಲೂ ಮೈ ಝುಂ ಅನ್ನುತ್ತದೆ. ಎಷ್ಟೋ ಸಿನಿಮಾಗಳಲ್ಲಿ ನಮ್ಮ ಭಾಷೆ ಆಡುವವನು ನಗಿಸುವುದಕ್ಕೆಂದೇ ಬರುತ್ತಾನೆ. ಇಲ್ಲಿ ಅದೇ ಭಾಷೆಯಲ್ಲಿ ಹೆಣ್ಣೊಬ್ಬಳು ಅಳುತ್ತಾಳೆ, ಹೆದರುತ್ತಾಳೆ, ಬಯಸುತ್ತಾಳೆ. ಗೋಪಾಲ ವಾಜಪೇಯಿ ಬರೆದ ಮಾತಿನಲ್ಲಿ ಒಂದೂ ಕೃತಕವಾಗಿ ಕೇಳುವುದಿಲ್ಲ. ಶಾಲೆಯಲ್ಲಿ ಮಕ್ಕಳು ಮನೆಮಾತು ಆಡಿದರೆ ನಾನೂ ತಿದ್ದುತ್ತಿದ್ದೆ. ಆಗ ತಿದ್ದಬಾರದಿತ್ತು ಎಂದು ಇವತ್ತು ಅನ್ನಿಸಿತು.

ರಾಣಿಯನ್ನು ಒಳಗೆ ಹಾಕಿ ಅಪ್ಪಣ್ಣ ಹೊರಗಿನಿಂದ ಕೀಲಿ ಜಡಿಯುವಾಗ ಮಗಳು ಹೊಟ್ಟೆ ಮೇಲೆ ಕೈ ಇಟ್ಟುಕೊಂಡಳು. ಅತ್ತಿ ಅವಳ ಬಾಯಿಗೆ ಒಂದು ಉಂಡಿ ಇಟ್ಟರು. ಇದು ನಮ್ಮ ಮನೆಯ ಸರಳ ಉಂಡಿ: ಹುರಿದ ಶೇಂಗಾ, ಉತ್ತತ್ತಿ, ಹೋದ ವರ್ಷದ ಕಪ್ಪು ದ್ರಾಕ್ಷಿ, ಮೂರನ್ನೂ ಒಳಕಲ್ಲಲ್ಲಿ ಕುಟ್ಟಿದರೆ ಮುಗಿಯಿತು. ಬೆಲ್ಲ ಬೇಡ, ಪಾಕ ಬೇಡ. ದ್ರಾಕ್ಷಿಯ ಅಂಟೇ ಉಂಡಿಯನ್ನು ಹಿಡಿಯುತ್ತದೆ. ಮಿಕ್ಸರಿನಲ್ಲಿ ಹಾಕಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಕುಟ್ಟಿಯೇ ಮಾಡಬೇಕು.

ಮಾರ್ಚ್ 25, ಮಂಗಳವಾರ

ಶೆಡ್ಡಿನ ಮಾಲು ಇಳಿಸಿ, ಕಡ್ಡಿ ಬಿಡಿಸಿ, ಬಣ್ಣ ನೋಡಿ ಬೇರೆ ಬೇರೆ ಮಾಡಿದೆವು. ನಾಳೆ ಹದಿನೈದು ಕಿಲೋದ ಬಾಕ್ಸುಗಳಲ್ಲಿ ತಾಸಗಾವಿಗೆ ಹೊರಡುತ್ತದೆ. ತೆಲಸಂಗ, ಕೊಹಳ್ಳಿ, ಐನಾಪುರ ಕಡೆಯ ಎಷ್ಟೋ ಮಂದಿಯ ಬೆಳೆ ಹೋಗುವ ದಾರಿ ಅದೇ. ಅಲ್ಲಿ ಕೊಳ್ಳುವವರು ಮೊದಲು ನೋಡುವುದು ಬಣ್ಣ. ಎಳೆ ಹಸಿರು, ಹಳದಿ ಇದ್ದರೆ ಮೇಲಿನ ದರ. ಕೆಂಪು ತಿರುಗಿದ್ದಕ್ಕೆ ಇಳಿದ ದರ.

ಮಾಳಿಗೆ ಮೇಲಿನದು ಇನ್ನೂ ಅರ್ಧ ಹಸಿ. ಅದಕ್ಕೆ ಒಂದು ತಿಂಗಳಾದರೂ ಬೇಕು. ಮಗಳು ಅದರ ಬಣ್ಣ ನೋಡಿ ಮುಖ ಸಿಂಡರಿಸಿದಳು. ಅತ್ತಿ ಎರಡು ಕಾಯಿ ಅವಳ ಅಂಗೈಗೆ ಹಾಕಿ, "ಕಣ್ಣೀಲೆ ತಿನಬ್ಯಾಡ ತಂಗಿ, ಬಾಯೀಲೆ ತಿನ್ನು" ಅಂದರು. ಅವಳು ತಿಂದಳು, ಮತ್ತೆ ಕೈ ಚಾಚಿದಳು. ಸಿಪ್ಪೆ ಮೊದಲು ಹಲ್ಲಿಗೆ ಸ್ವಲ್ಪ ಗಟ್ಟಿ, ಆಮೇಲೆ ಬೆಲ್ಲದ ಪಾಕದ ಹಾಗೆ ಇಳಿಯುತ್ತದೆ, ಕೊನೆಗೊಂದು ಸಣ್ಣ ಹುಳಿ. ಆ ಹುಳಿ ಶೆಡ್ಡಿನ ಮಾಲಿನಲ್ಲಿ ನನಗೆ ಎಂದೂ ಸಿಕ್ಕಿಲ್ಲ. ಮಾರುವುದು ನಮ್ಮ ಹೊಟ್ಟೆಪಾಡು, ಅದು ಬೇಕು. ಆದರೆ ದ್ರಾಕ್ಷಿ ಬೆಳೆದ ಮನೆಯವರು ಪೇಟೆಯಿಂದ ಪೊಟ್ಟಣ ತಂದು ಪಾಯಸಕ್ಕೆ ಹಾಕುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಮಾರ್ಚ್ 30, ರವಿವಾರ, ಯುಗಾದಿ

ಹೋಳಿಗೆ ಊಟ, ಮಧ್ಯಾಹ್ನ ನಿದ್ದೆ, ರಾತ್ರಿ 'ಬಂಗಾರದ ಮನುಷ್ಯ'. ಇವರೂ ಕೂತರು.

ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನಲ್ಲಿ ಎರಡು ವರ್ಷ ಓಡಿತೆಂದು ಎಲ್ಲರಿಗೂ ಗೊತ್ತು. ನನಗೆ ಇವತ್ತೇ ಹೊಳೆದದ್ದು ಬೇರೆ. ಇದು ತೆರೆಕಂಡದ್ದು 1972ರ ಮಾರ್ಚ್ 31ಕ್ಕೆ. ನಮ್ಮ ಕಡೆಯವರಿಗೆ 72 ಅಂದರೆ ಬರ.

ರಾಜೀವ ಬಂಡೆ ಒಡೆಸುವ ದೃಶ್ಯ ಬಂತು. ಹಾರೆ, ಸುತ್ತಿಗೆ, ಸಾಲಾಗಿ ಆಳುಗಳು. ಅತ್ತಿ ಕೊಬ್ಬರಿ ತುರಿಯುವುದನ್ನು ನಿಲ್ಲಿಸಿ ತಮ್ಮ ಬಲಗೈ ಹೆಬ್ಬೆರಳು ಎತ್ತಿ ತೋರಿಸಿದರು. ಉಗುರು ನಡುವೆ ಸೀಳಿ ಎರಡು ದಿಕ್ಕಿಗೆ ಬೆಳೆದಿದೆ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ಒಮ್ಮೆಯೂ ಕೇಳಿರಲಿಲ್ಲ. "ಬರದಾಗ ರಸ್ತಾದ ಕೆಲಸಕ್ಕ ಖಡಿ ಒಡಿಯೂ ಮುಂದ ಆದದ್ದು. ಆಗ ಈ ಹೊಲದಾಗ ಜಾಲಿ ಬಿಟ್ರ ಏನೂ ಇರಲಿಲ್ಲ" ಅಂದರು. ಇವರು ಆಗ ಜೋಲಿಯಲ್ಲಿದ್ದ ಕೂಸಂತೆ. ಗಿಡದ ಟೊಂಗೆಗೆ ಜೋಲಿ ಕಟ್ಟಿ, ಕೆಳಗೆ ಕೂತು ಖಡಿ ಒಡೆದರಂತೆ.

ಇವರು ಟಿವಿಯ ಕಡೆಗೇ ಮುಖ ಮಾಡಿ ಕೂತಿದ್ದರು. ನೋಡುತ್ತಿರಲಿಲ್ಲ.

ಕೊನೆಗೆ ರಾಜೀವ ತನ್ನವರ ಮಾತಿಗೆ ನೊಂದು, ಕಟ್ಟಿದ್ದೆಲ್ಲ ಬಿಟ್ಟು ಒಬ್ಬನೇ ನಡೆದು ಹೋಗುತ್ತಾನಲ್ಲ, ಅಲ್ಲಿ ನನಗೂ ಮಗಳಿಗೂ ಕಣ್ಣೀರು. ಅತ್ತಿಗೆ ಸಿಟ್ಟು. "ಹೋಗಬಾರದಿತ್ತಂವ. ನೆಲಾ ಏನ ತಪ್ಪ ಮಾಡಿತ್ತು?" ಎಂದವರೇ ದೀಪ ಆರಿಸಲು ಹೇಳಿ ಮಲಗಿಬಿಟ್ಟರು.

ಏಪ್ರಿಲ್ 3, ಗುರುವಾರ

ಸಂಜೆ ಗಾಳಿ ಎದ್ದು ಮೋಡ ಕವಿಯಿತು. ನಾನೂ ಇವರೂ ಮಾಳಿಗೆಗೆ ಓಡಿ ಸೀರೆಯ ನಾಲ್ಕು ತುದಿ ಹಿಡಿದು ಒಳಗೆ ತಂದೆವು. ನಾಲ್ಕು ಹನಿ ಬಿತ್ತಷ್ಟೇ. ಹೊರಸಿನ ಮೇಲೆ ಹರವುವಾಗ ಇವರು ಒಂದು ಹಿಡಿ ತೆಗೆದು ಬಹಳ ಹೊತ್ತು ಅಗಿಯುತ್ತ ನಿಂತರು.

ಏಪ್ರಿಲ್ 12, ಶನಿವಾರ

ಕೆಲವು ದಿನ ಬರೆಯಲಾಗಲಿಲ್ಲ. ಗುರುವಾರ ರಾತ್ರಿ ಅಥಣಿಯಲ್ಲಿ ಮಗಳು ಹಡೆದಳು. ಹೆಣ್ಣು. ಇಬ್ಬರೂ ಆರಾಮ.

ಇವತ್ತು ಬಾಣಂತಿಗೆ ಅಂಟಿನುಂಡಿ ಕಟ್ಟಿದೆವು. ಒಂದು ಕಿಲೋ ಉತ್ತತ್ತಿ, ಒಂದು ಕಿಲೋ ಒಣ ಕೊಬ್ಬರಿ, ಕಾಲು ಕಿಲೋ ಅಂಟು, ಗೋಡಂಬಿ, ಗಸಗಸಿ, ಏಲಕ್ಕಿ, ಒಂದು ತುಂಡು ಜಾಜಿಕಾಯಿ. ಅಂಟನ್ನು ತುಪ್ಪದಲ್ಲಿ ಸ್ವಲ್ಪ ಸ್ವಲ್ಪವೇ ಹಾಕಬೇಕು. ಹರಳು ಅರಳಿ ಜೋಳದ ಅರಳಿನಷ್ಟಾಗುತ್ತದೆ, ನಡುವೆ ಗಟ್ಟಿ ಉಳಿದರೆ ಹಲ್ಲಿಗೆ ಹತ್ತುತ್ತದೆ. ಬೆಲ್ಲದ ಪಾಕ ಎಳೆ ಬರುವ ಮೊದಲೇ ಇಳಿಸಿದೆ. ಕಡೆಗೆ ಮಾಳಿಗೆಯ ಕಪ್ಪು ದ್ರಾಕ್ಷಿ, ಪೂರ್ತಿ ಒಣಗಿದ್ದನ್ನೇ ಆರಿಸಿ, ಎರಡು ಬೊಗಸೆ. ಕಟ್ಟಿ ಮುಗಿದಾಗ ಅರವತ್ತೆರಡು ಉಂಡಿ.

ಇವರು ಮುಂಜಾನೆಯೇ ಕತ್ತರಿಗಳಿಗೆ ಸಾಣೆ ಹಿಡಿಸಿಕೊಂಡು ಬಂದಿದ್ದಾರೆ. ಸೋಮವಾರ ಬಳ್ಳಿಯ ಏಪ್ರಿಲ್ ಛಾಟಣಿಗೆ ಎಂಟು ಆಳು ಬರುತ್ತಾರೆ.